ಮಾಜಿ ಮಂತ್ರಿಗಳ ಖಾಸಗಿ ಕಾಗದಗಳು

ಲಕೋಟೆಯ ಅಂಚನ್ನು ಅವರು ತಾವೇ ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸುತ್ತಿದ್ದರು. ಮೇಜಿನ ಮೇಲೆ ಗೋಂದಿನ ಸೀಸೆಯಿತ್ತು, ಎದುರಿಗೆ ನಾನಿದ್ದೆ. ಇಬ್ಬರ ಮೇಲೂ ಅವರಿಗೆ ನಂಬಿಕೆಯಿರಲಿಲ್ಲ. ಫೋನನ್ನಂತೂ ಮುಟ್ಟುತ್ತಲೇ ಇರಲಿಲ್ಲ. "ಫೋನಾಗೆ ಆಡಿದ್ದು ಹತ್ತು ಕಿವಿಗೆ ಬೀಳ್ತದೆ ಕಣಮ್ಮ. ಕಾಗದ ಆದ್ರೆ ಓದಿ ಸುಡಬೌದು" ಎನ್ನುತ್ತಿದ್ದರು.

ಮಧುಗಿರಿಯ ಅವರ ಮನೆಯ ಮುಂಗೋಣೆಯಲ್ಲಿ ಆರು ವರ್ಷ ನಾನು ಆ ಮಾಜಿ ಮಂತ್ರಿಗಳ ಖಾಸಗಿ ಪತ್ರಗಳನ್ನು ಟೈಪ್ ಮಾಡಿದೆ. ಊರವರು ಅವರನ್ನು ಮುತ್ಸದ್ದಿ ಎನ್ನುತ್ತಾರೆ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವರು ಬರೆಸುವ ಕನ್ನಡ ಮಾತ್ರ ಸೊಗಸಾಗಿತ್ತು. ಒಂದು ಒತ್ತು ತಪ್ಪಿದರೂ ಇಡೀ ಹಾಳೆ ಮತ್ತೆ ಟೈಪ್ ಹೊಡಿ ಎನ್ನುವವರು; ನಾನು ಆ ಅವಕಾಶ ಕೊಟ್ಟಿರಲಿಲ್ಲ.

ಒಮ್ಮೆ ವೈ.ಎನ್. ಹೊಸಕೋಟೆಯಲ್ಲಿ ಕಡಲೆಕಾಯಿ ಬೆಳೆಗಾರರ ಸಭೆ. ಹೊರದೇಶದ ಎಣ್ಣೆಗೆ ಸುಂಕ ಏರಿಸದಿದ್ದರೆ ದೆಹಲಿಯಲ್ಲೇ ಧರಣಿ ಕೂರುತ್ತೇನೆಂದು ಗುಡುಗಿ ಬಂದರು. ಮರುದಿನ ದೆಹಲಿಯ ಸಚಿವರೊಬ್ಬರಿಗೆ ಪತ್ರ ಹೇಳಿ ಬರೆಸಿದರು: "ಸುಂಕದ ಬಗ್ಗೆ ನಾನಾಡಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಈಗಿರುವಂತೆಯೇ ಇರಲಿ. ಎಣ್ಣೆ ವರ್ತಕ ಮಿತ್ರರ ಇಚ್ಛೆಯೂ ಅದೇ."

ನನ್ನ ಬೆರಳುಗಳು ನಿಂತವು.

"ಯಾಕಮ್ಮಾ? ಸಭೇಲಿ ಆಡಿದ್ದು ಸಭೆಗೆ. ನೀನು ಹೊಡಿ."

ಅವತ್ತೇ ಎದ್ದು ಬರಬೇಕಿತ್ತು. ಬರಲಿಲ್ಲ. ಹೊಡೆದೆ.

ಆಮೇಲೆ ನಿಡುಗಲ್ ಕಡೆಯ ಹೆಂಗಸರು ಬಂದರು. ಮುಂದಾಳು ನರಸಮ್ಮ. ಸರ್ಕಾರ ಅವರ ಹಿರಿಯರಿಗೆ ಮಂಜೂರು ಮಾಡಿದ ಜಮೀನನ್ನು ಯಾರೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ ಎಂದು ಕಾನೂನಿತ್ತು. ಅದನ್ನು ಸಡಿಲಿಸುತ್ತಾರೆಂಬ ಸುದ್ದಿ ಕೇಳಿ ಹೆದರಿದ್ದರು. "ನಾನಿರೋಗಂಟ ನಿಮ್ ಭೂಮಿ ಎಲ್ಲಿಗೂ ಹೋಗಾಕಿಲ್ಲ" ಎಂದು ಇವರು ಕಾಫಿ ಕೊಡಿಸಿ, ಕಾನೂನು ಉಳಿಸಿ ಎಂಬ ಅರ್ಜಿ ಕಳಿಸಲೆಂದು ಖಾಲಿ ಹಾಳೆಯಲ್ಲಿ ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡರು. ಹೆಂಗಸರು ಹೋದ ಮೇಲೆ ಕಂದಾಯ ಸಚಿವರಿಗೆ ಪತ್ರ ಬರೆಸಿದರು: "ಮಾರಲು ಅವಕಾಶ ಕೊಡಿರೆಂದು ಜಮೀನಿನವರೇ ಕೋರಿದ್ದಾರೆ. ಸಹಿಗಳನ್ನು ಲಗತ್ತಿಸಿದೆ."

ಈ ಸಲ ಎರಡು ಪ್ರತಿ ತೆಗೆದೆ. ಒಂದನ್ನು ಮಾರನೇ ದಿನ ಪಾವಗಡದ ಬಸ್ ಹತ್ತಿ ನರಸಮ್ಮನಿಗೆ ಓದಿ ಹೇಳಿದೆ. ಆಕೆ ಬಯ್ಯಲಿಲ್ಲ, ಅಳಲಿಲ್ಲ. "ಇನ್ನೊಂದ್ಸಲ ಓದವ್ವಾ" ಎಂದಳು.

ಆ ವಾರ ಪಾವಗಡದಲ್ಲಿ ಅವರಿಗೆ ಸನ್ಮಾನ. ಪತ್ರವೂ ಸಹಿಗಳ ಹಾಳೆಯೂ ಇನ್ನೂ ಅವರ ಚೀಲದಲ್ಲೇ ಇದ್ದವು. ತುಂಬಿದ ಸಭೆಯ ನಡುವೆ ನರಸಮ್ಮ ಎದ್ದು ನಿಂತಳು. ನಾನು ಪಕ್ಕದಲ್ಲಿ ನಿಂತು ಪತ್ರದ ಪ್ರತಿ ಓದಿದೆ. ಅವರು ನಕ್ಕರು.

"ನಮ್ ಟೈಪಿಸ್ಟಮ್ಮ 'ಮಾರಲು ಅವಕಾಶ ಕೊಡಬೇಡಿ' ಅಂದಿದ್ದನ್ನ ತಪ್ಪು ಹೊಡೆದವ್ಳೆ. ಪಾಪ, ಈಚೆಗೆ ಕಣ್ಣು ಸರಿಯಿಲ್ಲ."

ಜನವೂ ನಕ್ಕಿತು. ಅಷ್ಟು ಮಂದಿಯ ನಡುವೆ ನನ್ನ ಆರು ವರ್ಷದ ಕೆಲಸಕ್ಕೆ ಬೆಲೆಯಿಲ್ಲದಾಯಿತು. ನರಸಮ್ಮ ನಗಲಿಲ್ಲ.

"ಅಂಗೇನಾ ಸಾಮಿ? ಸರಿ ಬುಡು. ತಪ್ಪು ಕಾಗದಕ್ಕೆ ನಮ್ ಹೆಬ್ಬೆಟ್ಟು ಯಾಕೆ? ನಮ್ ಹಾಳೆ ನಮಗೆ ಕೊಟ್ಬುಡು."

ಕೊಡದೆ ದಾರಿಯಿರಲಿಲ್ಲ. ಚೀಲದಿಂದ ತೆಗೆದು ಕೊಟ್ಟರು. ಆಕೆ ಹಾಳೆಯನ್ನು ಅಲ್ಲೇ ನಾಲ್ಕು ತುಂಡು ಮಾಡಿ ಸೆರಗಿಗೆ ಕಟ್ಟಿಕೊಂಡಳು. ಸಹಿಗಳಿಲ್ಲದ ಆ ಪತ್ರ ಬೆಂಗಳೂರಿಗೆ ಹೋಗಲೇ ಇಲ್ಲ.

ನಾನು ಆ ಕೆಲಸ ಬಿಟ್ಟು ಮಧುಗಿರಿಯ ಕೋರ್ಟಿನ ಎದುರು ಸ್ವಂತ ಟೈಪಿಂಗ್ ಅಂಗಡಿ ಇಟ್ಟೆ. ವರ್ಷದ ಮೇಲೆ ಒಂದು ಮಧ್ಯಾಹ್ನ ಅವರ ಕಾರು ಬಂದು ನಿಂತಿತು. ಇಳಿಯಲಿಲ್ಲ, ಗಾಜು ಇಳಿಸಿದರು. ಮುಖ ಸೊರಗಿತ್ತು.

"ವಾಪಸ್ ಬಂದ್ಬುಡಮ್ಮ. ಈಗಿರೋನು ಸಾಲಿಗೊಂದು ತಪ್ಪು ಮಾಡ್ತಾನೆ. ನೀನು ಒಂದು ದಿನಾನೂ ಮಾಡಿದೋಳಲ್ಲ."

"ಈ ಮಾತನ್ನ ಪಾವಗಡಕ್ಕೆ ಬಂದು ಆ ಜನದ ಮುಂದೆ ಹೇಳಿ ಸಾರ್" ಎಂದೆ.

ಗಾಜು ಮೇಲೇರಿತು. ಎರಡು ತಿಂಗಳಿಗೆ ಅವರು ತೀರಿಕೊಂಡರು. ಅವತ್ತು ಗೌರವಕ್ಕೆಂದು ಊರಿನ ಅಂಗಡಿಗಳೆಲ್ಲ ಬಾಗಿಲು ಹಾಕಿದವು. ನಾನು ಹಾಕಲಿಲ್ಲ.