ಮೂವತ್ತು ಎಣಿಸುವಷ್ಟರಲ್ಲಿ

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಸುವರ್ಣಮ್ಮನ ಮನೆ ಯಾವುದೆಂದು ಕೇಳಿದರೆ, "ಗ್ರಾಫ್ ಅಕ್ಕನ ಮನೆಯಾ?" ಎಂಬ ಮರುಪ್ರಶ್ನೆ ಬರುತ್ತದೆ. ಸೀರೆಯ ಅಂಚಿನಲ್ಲಿ ಹೂವೋ ಗಿಳಿಯೋ ಮೂಡಬೇಕಾದರೆ ಮೊದಲು ಅದನ್ನು ಚೌಕುಳಿ ಹಾಳೆಯಲ್ಲಿ ಒಂದೊಂದೇ ಮನೆಯಾಗಿ ತುಂಬಿಸಬೇಕು. ಒಂದು ಮನೆಗೆ ಒಂದು ಎಳೆ. ಆ ಲೆಕ್ಕದಂತೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಮಗ್ಗಕ್ಕೆ ಕಟ್ಟಿದರೆ ಬಟ್ಟೆಯಲ್ಲಿ ಚಿತ್ರ ಮೂಡುತ್ತದೆ. ಮನೆ ತುಂಬಿಸುವ ಈ ಕೆಲಸಕ್ಕೆ ಗ್ರಾಫ್ ಎನ್ನುತ್ತಾರೆ.

ಸುವರ್ಣಮ್ಮ ಇದನ್ನು ಕಲಿತದ್ದು ಮಾವನಿಂದ. ಹದಿನೈದು ವರ್ಷ ಹಾಳೆಯ ಮೇಲೆ ಮಾಡಿದರು, ಆಮೇಲೆ ಕಂಪ್ಯೂಟರಿನಲ್ಲಿ. ಓದಿದ್ದು ಏಳನೆಯ ತರಗತಿ. ಮೆಚ್ಚುಗೆ ಹುಟ್ಟಿಸಲೆಂದು ಇದನ್ನು ಹೇಳುತ್ತಿಲ್ಲ. ಪದವಿ ಪಡೆದವರೇ ಕೆಲಸ ಚೆನ್ನಾಗಿ ಮಾಡುತ್ತಾರೆ ಎನ್ನುವುದಕ್ಕೆ ನನ್ನ ಮೂವತ್ತೈದು ವರ್ಷಗಳ ಕಾಲೇಜು ನೌಕರಿಯಲ್ಲಿ ಹೆಚ್ಚು ಪುರಾವೆ ಸಿಗಲಿಲ್ಲ.

ಅವರು ಕೆಲಸ ಮಾಡುವ ರೀತಿಯೇ ಬೇರೆ. ಪರದೆಯ ಮೇಲೆ ಒಂದು ಸಾಲು ತುಂಬಿಸುತ್ತಾರೆ. ಮೌಸ್ ಬಿಡುತ್ತಾರೆ. ಎಡಗೈಯಲ್ಲಿ ಭೂತಗನ್ನಡಿ, ಬಲಗೈಯಲ್ಲಿ ಸೂಜಿ ಹಿಡಿದು, ಮುಂದಿಟ್ಟುಕೊಂಡ ಹಳೆಯ ಸೀರೆಯ ಅಂಚಿನಲ್ಲಿ ಎಳೆ ಎಣಿಸುತ್ತಾರೆ. ಜರಿ ಎಷ್ಟು ಎಳೆ ಹಾರಿ ಕೂರುತ್ತದೆ, ಉಟ್ಟವರ ಕೈಬಳೆಗೆ ಸಿಕ್ಕಿ ಕಿತ್ತುಬರುತ್ತದೆಯೋ ಇಲ್ಲವೋ ಎಂದು ನೋಡಿಯೇ ಮುಂದಿನ ಸಾಲು. "ಕೈ ಇಡಕ್ ಮುಂಚೆ ಎಣಿಸು" ಎಂಬುದು ಮಾವ ಹೇಳಿಕೊಟ್ಟ ಮೊದಲ ಪಾಠ. ಕಂಪ್ಯೂಟರ್ ತಾನೇ ಎಣಿಸುತ್ತದೆ ಎಂದು ಯಾರಾದರೂ ಹೇಳಿದರೆ, "ಅದು ಮನೆ ಎಣಿಸ್ತದೆ, ನಾನು ಎಳೆ ಎಣಿಸ್ತೀನಿ" ಎನ್ನುತ್ತಾರೆ.

ಮೂವತ್ತು ವರ್ಷದಲ್ಲಿ ಅವರು ಬರೆದದ್ದೆಲ್ಲ ಬೇರೆಯವರು ಕೇಳಿದ ಹೂವು, ಬೇರೆಯವರು ತಂದ ಮಾವಿನಕಾಯಿ. ಹೋದ ವರ್ಷ ನೆಂಟರ ಮದುವೆಗೆಂದು ಯಳಂದೂರಿಗೆ ಹೋದಾಗ, ಊಟದ ಪಂಕ್ತಿ ತಡವಾಯಿತೆಂದು ದೇವಸ್ಥಾನದ ಬಳೆಮಂಟಪದ ಮುಂದೆ ಹೋಗಿ ಕುಳಿತರು. ಒಂದರೊಳಗೊಂದು ಕೋದ ಕಲ್ಲಿನ ಬಳೆಗಳ ಸರಪಳಿಯನ್ನು ಲಗ್ನಪತ್ರಿಕೆಯ ಹಿಂದೆ ಬರೆದುಕೊಂಡರು. ಊಟ ತಪ್ಪಿತು. ಅಂಚಿಗೆ ಆ ಸರಪಳಿಯನ್ನು ಹಾಕಬೇಕೆನ್ನುವುದು ಅವರ ಸ್ವಂತ ಯೋಚನೆ, ಅದೂ ಮೊದಲನೆಯದು.

ಅದನ್ನು ನೇಯಲು ಒಪ್ಪಿದವನು ಎದುರು ಸಾಲಿನ ಚೌಡೇಶ. ಒಪ್ಪಿಗೆಯ ಜೊತೆಗೆ ಗಡುವನ್ನೂ ಕೊಟ್ಟ.

"ನೋಡಕ್ಕ, ಮಗ್ಗಕ್ಕೆ ಹೊಸ ಹಾಸು ಏರ್ಸಿವ್ನಿ. ಸುಕ್ರವಾರ ಬೆಳಗ್ಗೆ ಅತ್ತು ಗಂಟೆಗೆ ನಿನ್ ಗ್ರಾಫ್ ಕೈಗೆ ಬಂದ್ರೆ ಸರಪಳಿ. ಬರ್ನಿಲ್ವಾ, ಅಳೇ ಗಿಳಿ ಕಾರ್ಡೇ ಕಟ್ಬುಡ್ತೀನಿ."

"ಗಿಳಿ ನೋಡಿ ನೋಡಿ ಜನಕ್ಕೆ ಸಾಕಾಗೈತೆ ಕಣ್ಲಾ."

"ಜನಕ್ಕೆ ಸಾಕಾಗದೆ ಕಣಕ್ಕ, ಮಗ್ಗಕ್ಕೆ ಸಾಕಾಗಿಲ್ವಲ್ಲ. ಅದು ಸುಮ್ಕೆ ನಿಂತ್ಕಳಾಕಾಯ್ತದಾ?"

ಒಮ್ಮೆ ಗಿಳಿ ಕಟ್ಟಿದರೆ ಆ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲು, ಮುಗಿಯುವವರೆಗೆ ಗಿಳಿಯೇ. ಅಷ್ಟರಲ್ಲಿ ಮದುವೆಯ ಕಾಲ ಕಳೆದುಹೋಗುತ್ತದೆ, ಹೊಸ ಅಂಚನ್ನು ಕೇಳುವವರು ಇರುವುದಿಲ್ಲ.

ಮಂಗಳವಾರ ಅಮಾವಾಸ್ಯೆ. ಅಂದು ಬೀದಿಯಲ್ಲಿ ಯಾವ ಮಗ್ಗವೂ ಆಡುವುದಿಲ್ಲ, ಸುವರ್ಣಮ್ಮ ಕಂಪ್ಯೂಟರನ್ನೂ ಮುಟ್ಟುವುದಿಲ್ಲ. ಹೇಗೂ ಖಾಲಿ ಕೂತಿದೆ ಎಂದು, ಹನೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮಣಿಕಂಠನನ್ನು ಕರೆಸಿದರು. ಹಳೆಯ ಆಪರೇಟಿಂಗ್ ಸಿಸ್ಟಂಗೆ ಇನ್ನು ಅಪ್‌ಡೇಟ್ ಬರುವುದಿಲ್ಲ ಎಂದು ಪರದೆ ತಿಂಗಳಿನಿಂದ ಎಚ್ಚರಿಸುತ್ತಿತ್ತು. ಅವನು ಬಂದು ಹೊಸದನ್ನು ಹಾಕಿ, ಕಾಫಿ ಕುಡಿದು, ಮಧ್ಯಾಹ್ನದ ಬಸ್ಸಿಗೆ ಹೋದ.

ಬುಧವಾರ ಬೆಳಗ್ಗೆ ಸುವರ್ಣಮ್ಮ ಮೊದಲ ಸಾಲು ತುಂಬಿಸಿ, ಎಳೆ ಎಣಿಸಿ, ಮೌಸಿನ ಮೇಲೆ ಕೈಯಿಟ್ಟರೆ ಬಾಣದ ಗುರುತು ಅಲ್ಲಾಡಲಿಲ್ಲ. ಅದು ವೈರ್ ಇಲ್ಲದ ಮೌಸ್; ಅದರ ಜೋಡಿ, ಉಗುರಿನಷ್ಟು ದೊಡ್ಡ ರಿಸೀವರ್, ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿರುತ್ತದೆ. ಮೇಜಿನಡಿ ಬಗ್ಗಿ ಅದನ್ನು ಕಿತ್ತು ಮತ್ತೆ ಸಿಕ್ಕಿಸಿದರೆ ಮೌಸ್ ಓಡಿತು. ಮುಂದಿನ ಸಾಲಿಗೆ ಮತ್ತೆ ನಿಂತಿತು. ಹೊಸ ಬ್ಯಾಟರಿ ಹಾಕಿದರು, ಮೌಸಿನ ಹೊಟ್ಟೆ ಒರೆಸಿದರು, ರಿಸೀವರನ್ನು ಬೇರೆ ಕಿಂಡಿಗೆ ಹಾಕಿದರು. ಏನೂ ಆಗಲಿಲ್ಲ. ಸಂಜೆಗೆ ನಲವತ್ತು ಸಲ ಬಗ್ಗಿ ಎದ್ದಾಗಿತ್ತು, ಮುಗಿದದ್ದು ಒಂದೇ ಬಳೆ. ಇನ್ನು ಹನ್ನೊಂದು ಬಳೆ ಬಾಕಿ.

ವೈರಿನ ಮೌಸ್ ಏಕೆ ಬಳಸಲಿಲ್ಲ ಎಂದು ಕೇಳುವವರಿಗೆ: ಬಳಸುತ್ತಿದ್ದರು. ಅದರ ವೈರ್ ಮೇಜಿನ ಮೇಲಿನ ಮಾದರಿ ಸೀರೆಯನ್ನು ಉಜ್ಜಿ ಜರಿ ಎಬ್ಬಿಸಿತೆಂದು ಮೂರು ವರ್ಷದ ಹಿಂದೆಯೇ ಅದನ್ನು ಯಾರಿಗೋ ದಾನ ಕೊಟ್ಟಿದ್ದರು.

"ಅಮಾಸೆ ದಿನ ಮಾಡ್ಸುದ್ರೆ ಇನ್ನೇನಾದದು?" ಎಂದರು ಅತ್ತೆ ಮಹಾಲಕ್ಷ್ಮಮ್ಮ. ಎಂಬತ್ತೆರಡು ವರ್ಷ, ಕಣ್ಣು ಮಂದ, ಬಾಯಿ ಚುರುಕು. "ಮಗ್ಗವೇ ಕಣ್ ಮುಚ್ಕಂಡಿರೋ ದಿನ ಅದ್ರ ಒಟ್ಟೆ ಬಗೆಸ್ದೆ."

"ಅಂಗಾದ್ರೆ ಮಣಿಗೆ ಬೈರಿ ಅತ್ತೆ, ಬತ್ತಾವ್ನೆ."

ಗುರುವಾರ ಬೆಳಗ್ಗೆ ಮೊದಲ ಬಸ್ಸಿಗೇ ಮಣಿಕಂಠ ಬಂದ. ಕುರ್ಚಿಯಲ್ಲಿ ಕುಳಿತು ಮೌಸ್ ಹಿಡಿದು ಪರದೆಯ ಮೂಲೆಯಿಂದ ಮೂಲೆಗೆ ಓಡಿಸಿದ. ಓಡಿತು. ಡ್ರೈವರ್ ತೆಗೆದು ಮತ್ತೆ ಹಾಕಿದ. ಓಡಿತು. ಕಾಲು ಗಂಟೆ ಗರಗರ ತಿರುಗಿಸಿದ. ಒಮ್ಮೆಯೂ ನಿಲ್ಲಲಿಲ್ಲ.

"ಎಲ್ಲಾ ಸರ್ಯಾಗೇ ಅದಲ್ಲ ಸುವರ್ಣಕ್ಕ."

"ನಿನ್ ಕೈಲಿ ಓಡ್ತದೆ. ನನ್ ಕೈಲಿ ನಿಂತೋಯ್ತದೆ. ಅದ್ಯಾಕ್ಲಾ?"

"ನಿಮ್ಗೆ ಹೊಸದು ಅಭ್ಯಾಸ ಆಗಿಲ್ಲ ಅಷ್ಟೇಯ."

"ಮೌಸ್ ಇಡಿಯೋದ್ನ ನೀನು ಸ್ಕೂಲಿಗೆ ಓಯ್ತಿದ್ದಾಗ್ಲೇ ಕಲ್ತಿವ್ನಿ ಕಣೋ."

ಅವನು ನಕ್ಕು, ಮಲೆ ಮಹದೇಶ್ವರ ಬೆಟ್ಟದಲ್ಲಿ ಯಾರದೋ ಪ್ರಿಂಟರ್ ಕೆಟ್ಟಿದೆ ಎಂದು ಎದ್ದು ಹೋದ. ಅವನು ಬಾಗಿಲು ದಾಟಿ ಎರಡು ಸಾಲು ಆಗುವಷ್ಟರಲ್ಲಿ ಮೌಸ್ ಸತ್ತಿತು.

ಈ ಸಂದರ್ಭದಲ್ಲಿ ವಿದ್ಯಾವಂತರು ಸಾಮಾನ್ಯವಾಗಿ ಕೂಗಾಡುತ್ತಾರೆ. ನಾನೂ ಕೂಗಾಡಿದ್ದೇನೆ. ಸುವರ್ಣಮ್ಮ ತಮಗೆ ಬರುವ ಕೆಲಸವನ್ನೇ ಮಾಡಿದರು. ಎಣಿಸಿದರು. ರಿಸೀವರ್ ಸಿಕ್ಕಿಸಿ, ಮೌಸ್ ಬಿಟ್ಟು, ಹತ್ತು ಎಣಿಸಿ ಮುಟ್ಟಿದರು: ಓಡಿತು. ಇಪ್ಪತ್ತು ಎಣಿಸಿದರು: ಓಡಿತು. ಇಪ್ಪತ್ತೈದು: ಓಡಿತು. ಮೂವತ್ತು: ಇಲ್ಲ. ಮತ್ತೆ ಮೊದಲಿನಿಂದ ಎಣಿಸಿ ನೋಡಿದರು. ಆಗಲೂ ಮೂವತ್ತಕ್ಕೇ ನಿಂತಿತು. ಮಣಿಕಂಠನ ಕೈಯಲ್ಲಿ ಅದು ಏಕೆ ನಿಲ್ಲಲಿಲ್ಲ ಎಂಬುದು ಈಗ ಹೊಳೆಯಿತು. ಅವನು ಅದನ್ನು ಮೂವತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ಬಿಟ್ಟಿರಲೇ ಇಲ್ಲ.

ಫೋನ್ ಮಾಡಿದರೆ ಬೆಟ್ಟದ ದಾರಿಯಲ್ಲಿ ಸಿಗ್ನಲ್ ಇಲ್ಲ. ಗಂಟೆ ಹನ್ನೊಂದೂವರೆ. ಎಣಿಸದೆ ತುಂಬಿಸಬಹುದಿತ್ತು, ಅದು ಅವರಿಗೆ ತೋಚಿದಂತೆ ಕಾಣಲಿಲ್ಲ.

"ಅತ್ತೆ, ಇಲ್ ಬನ್ನಿ. ಇದರ ಮೇಲೆ ಕೈ ಇಟ್ಗಂಡು ಕೂತ್ಕಳಿ. ನಾನು ಎಣಿಸ್ತಿರೋವಾಗ ನೀವು ಸುಮ್ಕೆ ಅತ್ತಗೆ ಇತ್ತಗೆ ಆಡಿಸ್ತಿರಿ."

"ತೊಟ್ಲು ತೂಗ್ದಂಗಾ?"

"ಊಂ, ಅಂಗೇಯ. ನಿಲ್ಸಿದ್ರೆ ಮಲಗ್ಬುಡ್ತದೆ."

"ಕೂಸು ಮಲಗ್ಲಿ ಅಂತ ತೂಗ್ತಾರೆ. ಇದೇನೇ ಇದು, ಮಲಗ್ದೇ ಇರ್ಲಿ ಅಂತ ತೂಗೋದು?"

ಬೈದುಕೊಂಡೇ ಕುಳಿತರು ಮಹಾಲಕ್ಷ್ಮಮ್ಮ. ನಾನು ಹೋದಾಗ ಅತ್ತೆ ಮೌಸ್ ತೂಗುತ್ತಿದ್ದರು, ಸೊಸೆ ಎಳೆ ಎಣಿಸುತ್ತಿದ್ದರು. ನನಗೆ ಯಾರೂ ಕೂತುಕೊಳ್ಳಿ ಎನ್ನಲಿಲ್ಲ. ಒಂದು ಸಾಲು ಮುಗಿದರೆ ಮೌಸ್ ಸೊಸೆಯ ಕೈಗೆ, ತುಂಬಿದ ಮೇಲೆ ಮತ್ತೆ ಅತ್ತೆಯ ಕೈಗೆ. ಸಂಜೆ ನಾಲ್ಕರ ಹೊತ್ತಿಗೆ ಆರು ಬಳೆ ಸರಪಳಿಗೆ ಸೇರಿದ್ದವು.

ಆಗ ಮಣಿಕಂಠನ ಫೋನ್ ಬಂತು.

"ಮಣಿ, ಮೂವತ್ತು ಎಣಿಸ್ದೇಟ್ಗೆ ಸಾಯ್ತದೆ. ಇಪ್ಪತ್ತೈದಕ್ಕೆ ಸಾಯದಿಲ್ಲ. ಎರಡು ಸಲ ನೋಡಿವ್ನಿ."

"ಅಯ್ಯೋ ಅಕ್ಕ, ಕರೆಂಟ್ ಉಳ್ಸೋ ಸೆಟ್ಟಿಂಗು! ಹೊಸ ಸಿಸ್ಟಂ ಹಾಕ್ದಾಗ ತಾನಾಗೇ ಆನ್ ಆಗೋಗದೆ. ಕೈ ಆಡ್ನಿಲ್ಲ ಅಂದ್ರೆ ರಿಸೀವರ್‌ಗೆ ಕರೆಂಟ್ ನಿಲ್ಲಿಸ್ಬುಡ್ತದೆ. ನಾನ್ ಹೇಳ್ದಂಗೆ ಒತ್ತಿ."

ಅವನು ಹೇಳಿದ, ಇವರು ಒತ್ತಿದರು. ನಾಲ್ಕು ಕಿಟಕಿ ದಾಟಿ ಒಂದು ಚೌಕದೊಳಗಿನ ಸರಿ ಗುರುತನ್ನು ತೆಗೆದದ್ದಷ್ಟೇ. ಮೂವತ್ತು ಎಣಿಸಿದರು; ಓಡಿತು. ನೂರು ಎಣಿಸಿದರು, ಓಡಿತು.

"ಅಕ್ಕ, ಹೋದ ತಿಂಗ್ಳು ಇನ್ನೂ ನಾಲ್ಕು ಜನಕ್ಕೆ ಇದೇ ಹಾಕ್ಕೊಟ್ಟಿವ್ನಿ. ಎಲ್ರೂ ಮೌಸ್ ಸರಿಯಿಲ್ಲ ಅಂತ ಬೈದ್ರು. ಓಗಿ ಆಡ್ಸಿ ತೋರ್ಸಿ ಸರ್ಯಾಗದೆ ಅಂತ ಬಂದ್ಬುಟ್ಟೆ. ಅವ್ರ್ಯಾರೂ ಇಂಗೆ ಬುಡ್ಸಿ ಹೇಳ್ನಿಲ್ಲವಲ್ಲ?"

"ಅವ್ರು ಎಣಿಸಿರಕಿಲ್ಲ. ನಾಳೆ ಓಗಿ ಎಲ್ರುದೂ ಸರಿ ಮಾಡ್ಬುಟ್ ಬಾ."

ಮಹಾಲಕ್ಷ್ಮಮ್ಮನ ಕೈ ಮಾತ್ರ ಮೇಜಿನ ಮೇಲೆ ಅತ್ತ ಇತ್ತ ಆಡುತ್ತಲೇ ಇತ್ತು. ಸಾಕೆಂದಾಗ, "ಇಷ್ಟ್ ಬ್ಯಾಗ ಆಗೋಯ್ತಾ?" ಎಂದು ಬೇಸರದಿಂದಲೇ ಎದ್ದರು.

ಉಳಿದ ಐದು ಬಳೆಗಳಲ್ಲಿ ಮೂರನ್ನು ದೀಪ ಹಚ್ಚುವ ಹೊತ್ತಿಗೆ ಮುಗಿಸಿದರು, ಎರಡನ್ನು ಶುಕ್ರವಾರ ಬೆಳಗ್ಗೆ. ಒಂಬತ್ತೂವರೆಗೆ ಮೊದಲಿನಿಂದ ಕೊನೆಯವರೆಗೆ ಎಣಿಸುತ್ತಾ ಬಂದಾಗ ನಡುವೆ ಎಲ್ಲಿಯೂ ಸೇರದ ಮೂರು ಮನೆಗಳು ಸಿಕ್ಕವು. ತೂಗುವಾಗ ಅತ್ತೆಯ ಬೆರಳು ತಾಗಿ ಮೂಡಿದ ಚುಕ್ಕಿಗಳು.

"ನಂದು ಒಂದಾದ್ರೂ ಇರ್ಲಿ ಬುಡೇ. ನಾನೂ ಅರ್ಧ ದಿನ ದುಡ್ದಿವ್ನಿ."

"ಕೈಬಳೆಗೆ ಸಿಕ್ಕಂಡು ಜರಿ ಕಿತ್ತೋಯ್ತದೆ ಅತ್ತೆ" ಎಂದು ಸುವರ್ಣಮ್ಮ ಮೂರನ್ನೂ ಅಳಿಸಿದರು. ಸರಿಯಾಗಿಯೇ ಮಾಡಿದರು.

ಹತ್ತು ಗಂಟೆಗೆ ಚೌಡೇಶ ಬಾಗಿಲಲ್ಲಿ ನಿಂತಿದ್ದ. ಕಂಕುಳಲ್ಲಿ ಹಳೆಯ ಗಿಳಿ ಕಾರ್ಡುಗಳ ಕಟ್ಟು.

"ಅದ್ನ ಯಾಕ್ಲಾ ಒತ್ಕಂಡ್ ಬಂದೆ?" ಎಂದರು ಮಹಾಲಕ್ಷ್ಮಮ್ಮ.

"ಆಗಿರಕಿಲ್ಲ ಅನ್ಕಂಡೆ ಅಜ್ಜಿ."

ಸುವರ್ಣಮ್ಮ ಸರಪಳಿಯ ಗ್ರಾಫ್ ತುಂಬಿದ ಪೆನ್‌ಡ್ರೈವನ್ನು ಅವನ ಅಂಗಿಯ ಜೇಬಿಗೆ ಹಾಕಿ, ಗಿಳಿಯ ಕಟ್ಟನ್ನು ಕಿತ್ತುಕೊಂಡು ತಮ್ಮ ಅಟ್ಟದ ಮೇಲೆ ಹಾಕಿದರು.