ಕೆಂಪು ಗೆರೆ ಮುಟ್ಟಿದ ಮುಳ್ಳು

"ಅಣ್ಣಾ, ಗಾಡಿ ಬಾಜೂಕ ನಿಲ್ಲಸು. ಗಾಬರಿ ಆಗಬ್ಯಾಡ" ಎಂದಳು ನನ್ನ ತಂಗಿ. ಹೆರಿಗೆ ನೋವು ಶುರುವಾಗಿ, ಹಿಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅವಳದೇ ಕಾರಿನಲ್ಲಿ ಲೋಕಾಪುರದ ಮನೆಯಿಂದ ಮುಧೋಳದ ಆಸ್ಪತ್ರೆಗೆ ಹೊರಟು ನಾವು ಊರು ದಾಟುವಷ್ಟರಲ್ಲಿ, ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ನಡುದಾರಿಯಲ್ಲಿ ಕಾರು ಕೆಟ್ಟರೆ ಏನು ಗತಿ ಎಂದು ನಾನೇ ಕೂಗಿಕೊಂಡಿದ್ದೆ. ಅವಳು ಹೇಳಿದಂತೆ ಗಾಡಿ ಬದಿಗೆ ನಿಲ್ಲಿಸಿದೆ.

ಆ ಕಾರನ್ನು ದಿನವೂ ಓಡಿಸುತ್ತಿದ್ದವಳು ಅವಳೇ. ನೋವು ತುಸು ಇಳಿದಾಗ ಹೇಳಿದಳು: "ಈಗರೆ ಚಾಲೂ ಮಾಡೀದಿ, ಇಷ್ಟರಾಗ ಇಂಜಿನ್ ಅಷ್ಟ ಕಾಯತೈತೇನು? ಉಗಿ ಬರಾಕತ್ತೈತೇನ ನೋಡು. ಬಾಟಲಿಯೊಳಗ ಕೂಲಂಟ್ ಐತೇನ ನೋಡು. ಮುಚ್ಚಳ ಮಾತ್ರ ತಗೀಬ್ಯಾಡ."

ಬಾನೆಟ್ ಎತ್ತಿದೆ. ಉಗಿ ಇರಲಿಲ್ಲ. ಇಂಜಿನ್ ತಂಪಾಗಿಡುವ ಕೂಲಂಟ್ ನೀರು ಬಾಟಲಿಯ ಗೆರೆಯ ಮಟ್ಟಕ್ಕೇ ಇತ್ತು. ರೇಡಿಯೇಟರ್ ಪೈಪು ಇನ್ನೂ ಉಗುರುಬೆಚ್ಚಗಿತ್ತು.

"ಹಂಗಾರ ಇಂಜಿನ್ ಕಾದಿಲ್ಲ, ಬಿಸಿ ಅಳಿಯೋ ಸೆನ್ಸಾರ್ ಕೆಟ್ಟೈತಿ. ನಡಿ" ಎಂದು ಅವಳು ಕಣ್ಣು ಮುಚ್ಚಿದಳು.

ಮುಧೋಳ ಬರುವವರೆಗೂ ಮುಳ್ಳು ಕೆಂಪಿನಲ್ಲೇ ಇತ್ತು, ಆದರೆ ಕಾರು ಎಲ್ಲೂ ನಿಲ್ಲಲಿಲ್ಲ. ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ಮರುದಿನ ಗ್ಯಾರೇಜಿನಲ್ಲಿ ಹೊಸ ಸೆನ್ಸಾರ್ ಹಾಕಿದ ಮೇಲೆ ಮುಳ್ಳು ತನ್ನ ಜಾಗಕ್ಕೆ ಬಂತು.

ತಂಗಿಯನ್ನು ನಾನು ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಮುಟ್ಟಿಸಿದೆ ಎಂದು ಮನೆಯವರೆಲ್ಲ ಈಗಲೂ ಹೇಳುತ್ತಾರೆ. ಆ ದಿನ ಯಾರು ಯಾರನ್ನು ಮುಟ್ಟಿಸಿದರು ಎಂಬುದು ನನಗೆ ಗೊತ್ತು.