ಹನ್ನೆರಡನೇ ತಾರೀಖಿನವರೆಗಿನ ತಪ್ಪು

2023ರ ಅಕ್ಟೋಬರ್. ವಿಜಯಪುರದ ಸೊಲ್ಲಾಪುರ ರಸ್ತೆಯ ಸಣ್ಣ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ನಾನು ಹಿರಿಯ ಪ್ರೋಗ್ರಾಮರ್ ಆಗಿದ್ದೆ. ತಿಕೋಟಾ ಭಾಗದ ದ್ರಾಕ್ಷಿ ತೋಟಗಳ ಹವಾಮಾನದ ಅಂಕಿಗಳನ್ನು ಓದಿ, ಬೂಜುರೋಗ ಬರುವ ಮೊದಲೇ ಬೆಳೆಗಾರರ ಫೋನಿಗೆ ಎಚ್ಚರಿಕೆ ಕಳಿಸುವ ಪೈಥಾನ್ ಪ್ರೋಗ್ರಾಂ ನಮ್ಮದು. ಬರೆದವನು ನಾನೇ. ಆ ಜಂಬ ನನಗಿತ್ತು. ಸಂಶಯವಂತೂ ಹುಟ್ಟುಗುಣ, ಬೀಗ ಹಾಕಿದ ಮೇಲೂ ಎರಡು ಸಲ ಜಗ್ಗಿ ನೋಡುವವನು ನಾನು.

ಆ ತಿಂಗಳು ಸಾರವಾಡದ ಸವಿತಾ ಕೆಲಸಕ್ಕೆ ಸೇರಿದಳು. ಎರಡು ವಾರ ನೋಡಿ ಕಾಯಂ ಮಾಡೋಣ ಎಂದಿದ್ದರು ಮಾಲೀಕ ಇನಾಮದಾರರು. ಕಾಯಂ ಆಗದಿದ್ದರೆ ದಿನಾ ಬಸ್ಸು ಹತ್ತುವುದು ಸಾಕು ಎಂದು ಅವಳ ಮನೆಯಲ್ಲಿ ಹೇಳಿದ್ದರಂತೆ.

ಪ್ರೋಗ್ರಾಂ ನಡೆಯಲು ಲೈಬ್ರರಿಗಳು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್ ಬೇಕು. ಅವನ್ನೆಲ್ಲ ಇಟ್ಟ ಫೋಲ್ಡರಿಗೆ ಎನ್ವಿರಾನ್‌ಮೆಂಟ್ ಎನ್ನುತ್ತಾರೆ. ಪ್ರತಿ ಯಂತ್ರದಲ್ಲೂ ಅದನ್ನು ಲೈಬ್ರರಿಗಳ ಪಟ್ಟಿ ನೋಡಿ, ಇಂಟರ್ನೆಟ್ಟಿನ ಮೂಲದಿಂದ ಇಳಿಸಿ ಹೊಸದಾಗಿ ಕಟ್ಟಬೇಕೆಂಬುದು ನಿಯಮ. ನಮ್ಮಲ್ಲಿ ಅಷ್ಟು ಹೊತ್ತು ಯಾರು ಕಾಯುತ್ತಾರೆ? ಪಕ್ಕದ ಮನೆಯಿಂದ ಹೆಪ್ಪು ತಂದಂತೆ, ನನ್ನ ಫೋಲ್ಡರನ್ನೇ ಪೆನ್‌ಡ್ರೈವಿನಲ್ಲಿ ನಕಲು ಮಾಡಿಕೊಳ್ಳುವುದು ಕಚೇರಿಯ ರೂಢಿಯಾಗಿತ್ತು.

ಸವಿತಾ ಪೆನ್‌ಡ್ರೈವ್ ಮುಟ್ಟಲಿಲ್ಲ. "ಪಟ್ಟಿ ಐತೆಲ್ರಿ ಸರ್, ಅದನ್ನ ನೋಡಿ ಹೊಸದಾಗಿ ಹಾಕ್ಕೋತೇನಿ" ಎಂದಳು. ಎಲ್ಲರಿಗೂ ಆದ ಹೆಪ್ಪು ಈಕೆಗೇಕೆ ಬೇಡ? ನನ್ನ ತಲೆಯಲ್ಲಿ ಹುಳ ಹೊಕ್ಕಿತು.

ನಾಲ್ಕನೇ ದಿನ ಅವಳ ಯಂತ್ರ ತಪ್ಪು ಹೇಳತೊಡಗಿತು. ಅದೇ ಕೋಡ್, ಅದೇ ಅಂಕಿ. ನನ್ನಲ್ಲಿ 'ಔಷಧ ಹೊಡೆಯಿರಿ', ಅವಳಲ್ಲಿ 'ಅಪಾಯವಿಲ್ಲ'. ಏನೋ ಕೈಯಾಡಿಸಿದ್ದಾಳೆ ಎಂದು ಖಾತ್ರಿಯಾಯಿತು. ಅವಳು ಊಟಕ್ಕೆ ಹೋದಾಗ ಅವಳ ಕುರ್ಚಿಯಲ್ಲಿ ಕುಳಿತು ಬದಲಾವಣೆಗಳ ದಾಖಲೆಯನ್ನೆಲ್ಲ ಜಾಲಾಡಿದೆ. ಏನೂ ಸಿಗಲಿಲ್ಲ. ಜಾಣೆ, ಗುರುತು ಅಳಿಸಿದ್ದಾಳೆ ಅಂದುಕೊಂಡೆ. ಆಮೇಲೆ ವಾರವಿಡೀ ಅವಳ ಬೆನ್ನ ಹಿಂದೆ ನಿಂತು ಕಾವಲು ಕಾದೆ.

ಎರಡನೇ ವಾರದ ಶುಕ್ರವಾರ ಇನಾಮದಾರರಿಗೆ ಹೇಳಿಯೇ ಬಿಟ್ಟೆ: "ಈಕಿ ನಮಗ ಬ್ಯಾಡ್ರಿ. ಕೈ ಸುದ್ದ ಇಲ್ಲ."

"ನಾಳೆ ಸಂಜಿಕೆ ಹೇಳಿ ಕಳಿಸೂಣು ಬಿಡ್ರಿ" ಎಂದರು ಅವರು.

ಶನಿವಾರ ಬೆಳಿಗ್ಗೆ ಸವಿತಾ ಒಂದು ಹಾಳೆ ಹಿಡಿದು ನನ್ನ ಮೇಜಿಗೆ ಬಂದಳು. "ಸರ್, ಹೋದ ತಿಂಗಳದ್ದೆಲ್ಲಾ ತಾಳೆ ಹಾಕಿ ನೋಡೇನ್ರಿ. ಹನ್ನೆರಡನೇ ತಾರೀಖಿನ ತನಕ ಅಷ್ಟ, ಅದರಾಗ ಒಂಬತ್ತು ಬಿಟ್ಟು, ನಂದು ತಪ್ಪತೈತಿ. ಹದಿಮೂರರಿಂದ ನಿಮ್ದೂ ನಂದೂ ಒಂದ."

ಹಾಳೆ ತೆಗೆದುಕೊಂಡು ತಾರೀಖುಗಳನ್ನು ನೋಡಿದೆ. ವರ್ಷಕ್ಕೆ ಹನ್ನೆರಡೇ ತಿಂಗಳು. 5-9 ಎಂದರೆ ನಮಗೆ ಸೆಪ್ಟೆಂಬರ್ ಐದು. ತಿಂಗಳನ್ನು ಮೊದಲು ಬರೆಯುವ ದೇಶದವರ ಲೈಬ್ರರಿ ಅದನ್ನು ಮೇ ಒಂಬತ್ತು ಎಂದು ಓದುತ್ತದೆ, ಋತು ತಪ್ಪಿ ಎಚ್ಚರಿಕೆಯೂ ತಪ್ಪುತ್ತದೆ. 9-9 ಹೇಗೆ ಓದಿದರೂ ಒಂದೇ. ಹದಿಮೂರನೇ ತಿಂಗಳು ಇಲ್ಲವಾದ್ದರಿಂದ 13-9ರಲ್ಲಿ ಹದಿಮೂರನ್ನು ದಿನವೆಂದೇ ಓದುತ್ತದೆ, ಮುಂದಿನದೆಲ್ಲ ಸರಿಹೋಗುತ್ತದೆ. ಹಾಗಾದರೆ ನನ್ನ ಯಂತ್ರ ಮೊದಲಿನ ಹನ್ನೆರಡು ದಿನ ಹೇಗೆ ಸರಿ ಓದಿತು?

ಇಬ್ಬರೂ ಕೂಡಿ ನನ್ನ ಲೈಬ್ರರಿಯನ್ನು ಮೂಲದೊಂದಿಗೆ ಹೋಲಿಸಿದೆವು. ಒಂದೇ ಒಂದು ಸಾಲು ಬೇರೆ ಇತ್ತು. ಅದರ ಪಕ್ಕದಲ್ಲಿ 'ಸದ್ಯಕ್ಕೆ ಹೀಗಿರಲಿ' ಎಂಬ ಟಿಪ್ಪಣಿ, ಮುಂದೆ ನನ್ನದೇ ಹೆಸರು. ನಮ್ಮ ಕೋಡಿನಲ್ಲಿ ಮಾಡಬೇಕಿದ್ದ ತಿದ್ದುಪಡಿಯನ್ನು ಮೂರು ವರ್ಷದ ಹಿಂದೆ ಅವಸರಕ್ಕೆ ಲೈಬ್ರರಿಯೊಳಗೇ ಮಾಡಿ ಮರೆತಿದ್ದೆ. ಪೆನ್‌ಡ್ರೈವ್ ಹತ್ತಿ ಅದು ಎಲ್ಲರ ಯಂತ್ರಕ್ಕೂ ಹೋಗಿತ್ತು, ನಿಯಮ ಪಾಲಿಸಿದ ಒಬ್ಬಳನ್ನು ಬಿಟ್ಟು. ತನ್ನ ತಾಟಿನಲ್ಲಿ ಹೆಗ್ಗಣ ಬಿದ್ದಿದ್ದರೂ ಮಂದಿಯ ತಾಟಿನ ನೊಣ ಹುಡುಕಿದವನು ನಾನು.

ಬಹಳ ನಾಚಿಕೆಯಾಯಿತು. ಎದ್ದು ಇನಾಮದಾರರ ಕೋಣೆಗೆ ಹೋಗಿ, "ಕೈ ಸುದ್ದ ಇಲ್ಲದಾಂವ ನಾನ ಅದೇನ್ರಿ" ಎಂದು ಎಲ್ಲ ಒಪ್ಪಿಕೊಂಡೆ. ಅಂದೇ ಅವಳ ಕೆಲಸ ಕಾಯಂ ಆಯಿತು. ಅದನ್ನು ಕಳೆಯಲು ಹೊರಟವನು ನಾನೆಂದು ಅವಳಿಗೂ ಹೇಳಿದೆ.

"ನನಗ ಗೊತ್ತಿತ್ರಿ" ಎಂದಳು. ಆಮೇಲೆ ನನ್ನ ಯಂತ್ರದತ್ತ ಕೈ ತೋರಿಸಿ, "ತಿದ್ದೂದು ನಮ್ಮ ಕೋಡಿನ್ಯಾಗ ತಿದ್ದೂಣ್ರಿ. ಆಮ್ಯಾಲ ನಿಮ್ಮ ಫೋಲ್ಡರ್ ಅಳಸ್ರಿ, ಪಟ್ಟಿ ನೋಡಿ ಹೊಸದಾಗಿ ಹಾಕ್ಕೋರಿ. ನಾ ಹಿಂದ ನಿಂತ ನೋಡತೇನಿ" ಎಂದಳು.

ಇಪ್ಪತ್ತು ವರ್ಷದಿಂದ ಟೈಪ್ ಮಾಡುತ್ತಿದ್ದ ನನ್ನ ಬೆರಳುಗಳು ಅಂದು ಮೂರು ಸಲ ತಪ್ಪಿದವು. ಬೆನ್ನ ಹಿಂದೆ ಸಂಶಯದ ಕಣ್ಣಿಟ್ಟುಕೊಂಡು ಆ ಹುಡುಗಿ ಒಂದು ವಾರ ಕೆಲಸ ಮಾಡಿದ್ದಳು. ಈಗ ಹೊಸಬರ ಯಂತ್ರ ಬೇರೆ ಉತ್ತರ ಕೊಟ್ಟರೆ, ನಾನು ಮೊದಲು ನನ್ನ ಫೋಲ್ಡರ್ ಅಳಿಸಿ ಕಟ್ಟುತ್ತೇನೆ. ಅವರ ಕುರ್ಚಿಯ ಹಿಂದೆ ನಿಲ್ಲುವುದಿಲ್ಲ.